ರೆಕ್ಕೆಯ ತುದಿಯ ಹಲಗೆ ಯಾಕೆ ಅಲ್ಲಾಡುತ್ತದೆ? ಮನುಷ್ಯ ಹಾರಲು ಕಲಿತ ಕತೆ

ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 2023ರಲ್ಲಿ. ಆಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಜನ ಮೊದಲ ಸಲ ವಿಮಾನ ಹತ್ತಿದ್ದಾರೆ. ನಮ್ಮ ಅಮ್ಮನೂ ಹತ್ತಿದರು. ಕಿಟಕಿ ಪಕ್ಕದ ಸೀಟು, ರೆಕ್ಕೆಯಿಂದ ಎರಡು ಮೂರು ಸಾಲು ಹಿಂದೆ. ವಿಮಾನ ಮೇಲೆದ್ದು ಬೆಂಗಳೂರಿನ ದಿಕ್ಕಿಗೆ ತಿರುಗುವಾಗ ಅಮ್ಮ ನನ್ನ ತೋಳು ಹಿಡಿದು ಕೇಳಿದರು: "ಅಲ್ವೋ, ಆ ರೆಕ್ಕೆ ತುದೀಲಿ ಒಂದು ಹಲಗೆ ಅಲ್ಲಾಡ್ತಾ ಇದೆ ನೋಡು. ಸಡಿಲ ಆಗಿದ್ಯೇನೋ?"

ಸಡಿಲ ಆಗಿರಲಿಲ್ಲ. ಆ ಹಲಗೆಗೆ ಏಲೆರಾನ್ ಅಂತ ಹೆಸರು. ಫ್ರೆಂಚಿನಲ್ಲಿ ಪುಟ್ಟ ರೆಕ್ಕೆ ಎಂದರ್ಥ. ಪೈಲಟ್ ವಿಮಾನವನ್ನು ಒಂದು ಪಕ್ಕಕ್ಕೆ ವಾಲಿಸುವುದು ಅದರಿಂದಲೇ. ಅಮ್ಮನಿಗೆ ಆಗ ಇಷ್ಟು ಹೇಳಿ ಸಮಾಧಾನ ಮಾಡಿದೆ. ಆದರೆ ಅವರು ಕೇಳಿದ ಪ್ರಶ್ನೆ ತುಂಬ ದೊಡ್ಡದು. ಮನುಷ್ಯ ಹಾರಲು ಕಲಿತ ಕತೆಯ ತಿರುಳು ಆ ಹಲಗೆಯಲ್ಲೇ ಇದೆ. ಮೇಲೇಳುವುದು ಹೇಗೆ ಅಂತ ಜನರಿಗೆ ಮೊದಲೇ ಗೊತ್ತಾಗಿತ್ತು. ಎಂಜಿನ್‌ಗಳೂ ಬಂದಿದ್ದವು. ಮೇಲೆದ್ದ ಮೇಲೆ ಬೀಳದೆ ಇರುವುದು ಹೇಗೆ ಎನ್ನುವುದು ಮಾತ್ರ ಕಡೆಯವರೆಗೂ ಬಗೆಹರಿಯದೆ ಉಳಿದಿತ್ತು.

ತೇಲುವುದು ಬೇರೆ, ಹಾರುವುದು ಬೇರೆ

ಗಾಳಿಯಲ್ಲಿ ಮೇಲೇಳಲು ಎರಡು ದಾರಿಗಳಿವೆ. ಒಂದು, ನೀರಲ್ಲಿ ತೆಂಗಿನಕಾಯಿ ತೇಲುವ ಹಾಗೆ ಗಾಳಿಯಲ್ಲಿ ತೇಲುವುದು. ಇನ್ನೊಂದು, ಹಕ್ಕಿಯ ಹಾಗೆ ಗಾಳಿಗಿಂತ ಭಾರವಾಗಿದ್ದೂ ಹಾರುವುದು. ಮನುಷ್ಯ ಮೊದಲು ಗೆದ್ದದ್ದು ತೇಲುವ ದಾರಿಯಲ್ಲಿ.

ಗಾಳಿಗೆ ತೂಕವಿದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಮಂಗಳೂರಿನಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆ ಇದೆ ಅಂದುಕೊಳ್ಳಿ. ಅದರೊಳಗಿನ ಗಾಳಿ ಸುಮಾರು 33 ಕೆಜಿ ತೂಗುತ್ತದೆ. 25 ಕೆಜಿಯ ಅಕ್ಕಿ ಮೂಟೆಗಿಂತ ಜಾಸ್ತಿ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ. ಹಿಗ್ಗಿದಾಗ ಒಂದಷ್ಟು ಗಾಳಿ ಕೋಣೆಯಿಂದ ಹೊರಗೆ ಹೋಗುತ್ತದೆ. ನೀರು ಕುದಿಯುವಷ್ಟು ಬಿಸಿ ಮಾಡಿದರೆ ಅದೇ ಕೋಣೆಯಲ್ಲಿ ಸುಮಾರು 27 ಕೆಜಿ ಗಾಳಿ ಉಳಿಯುತ್ತದೆ. ಕಡಿಮೆಯಾದ ಈ ಆರು ಕೆಜಿಯಷ್ಟು ತೂಕವನ್ನು ಎತ್ತುವ ಶಕ್ತಿ ಆ ಬಿಸಿ ಗಾಳಿಗೆ ಬರುತ್ತದೆ. ಒಂದು ಕೋಣೆಯಷ್ಟು ಬಿಸಿ ಗಾಳಿ ಎತ್ತುವುದು ಬರೀ ಆರು ಕೆಜಿ. ಬಲೂನುಗಳು ಅಷ್ಟು ದೊಡ್ಡದಾಗಿರುವುದು ಇದೇ ಕಾರಣಕ್ಕೆ.

ಇದನ್ನು ಮೊದಲು ಮಾಡಿ ತೋರಿಸಿದವರು ಫ್ರಾನ್ಸಿನ ಅನೊನೆ ಎಂಬ ಊರಿನ ಕಾಗದ ತಯಾರಕರ ಮನೆಯ ಅಣ್ಣ ತಮ್ಮ, ಜೋಸೆಫ್ ಮತ್ತು ಎತಿಯೆನ್ ಮೊಂಗೊಲ್ಫಿಯೆ. 1783ರ ಜೂನ್ 4ರಂದು ಊರವರ ಮುಂದೆ ಬಲೂನು ಬಿಟ್ಟರು. ತಮಾಷೆಯೆಂದರೆ ಅದು ಯಾಕೆ ಏರುತ್ತದೆ ಅಂತ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಹೊಗೆಯಲ್ಲಿ ಏನೋ ವಿಶೇಷ ಅನಿಲ ಇದೆ ಅಂದುಕೊಂಡಿದ್ದರು. ಸೆಪ್ಟೆಂಬರ್ 19ರಂದು ವರ್ಸೇ ಅರಮನೆಯಲ್ಲಿ ರಾಜನ ಎದುರು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಬುಟ್ಟಿಯಲ್ಲಿಟ್ಟು ಕಳಿಸಿದರು. ಮೂರೂ ಜೀವಂತವಾಗಿ ಇಳಿದವು. ಮೇಲೆ ಉಸಿರಾಡಬಹುದು ಅಂತ ಖಾತ್ರಿಯಾದ ಮೇಲೆ, ನವೆಂಬರ್ 21ರಂದು ಪಿಲಾತ್ರ ದ ರೋಜಿಯೆ ಮತ್ತು ಮಾರ್ಕಿ ದಾರ್ಲಾಂದ್ ಎಂಬ ಇಬ್ಬರು ಪ್ಯಾರಿಸ್ಸಿನ ಮೇಲೆ ಸುಮಾರು 25 ನಿಮಿಷ ತೇಲಿದರು. ಹಗ್ಗ ಕಟ್ಟದೆ ಮನುಷ್ಯ ಆಕಾಶಕ್ಕೆ ಹೋಗಿಬಂದದ್ದು ಅದೇ ಮೊದಲು.

ಅದೇ ವರ್ಷ ಜಾಕ್ ಶಾರ್ಲ್ ಎಂಬ ವಿಜ್ಞಾನಿ ಬಿಸಿ ಗಾಳಿಯ ಬದಲು ಜಲಜನಕ ತುಂಬಿದ ಬಲೂನು ಮಾಡಿದರು. ಜನರಿಲ್ಲದ ಅವರ ಮೊದಲ ಬಲೂನು ಆಗಸ್ಟ್‌ನಲ್ಲಿ ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿಯಿತು. ಆಕಾಶದಿಂದ ಬಿದ್ದು ಒದ್ದಾಡುವ ಆ ವಸ್ತುವನ್ನು ಕಂಡು ಹಳ್ಳಿಯವರು ಹೆದರಿ, ಕವೆಗೋಲಿನಿಂದ ಚುಚ್ಚಿ ಹರಿದು ಹಾಕಿದರು. ಪಾಪ, ಅವರನ್ನು ದೂರುವ ಹಾಗಿಲ್ಲ. ಅಂಥದ್ದನ್ನು ಅವರ ಅಜ್ಜ ಮುತ್ತಜ್ಜ ಯಾರೂ ನೋಡಿರಲಿಲ್ಲ.

ಬಲೂನಿನ ತೊಂದರೆ ಒಂದೇ. ಗಾಳಿ ಎತ್ತ ಹೋದರೆ ಅದೂ ಅತ್ತ ಹೋಗುತ್ತದೆ. 1852ರಲ್ಲಿ ಆಂರಿ ಜಿಫಾರ್ ಸಿಗಾರಿನ ಆಕಾರದ ಬಲೂನಿಗೆ 3 ಅಶ್ವಶಕ್ತಿಯ ಉಗಿ ಯಂತ್ರ ಕಟ್ಟಿ 27 ಕಿಲೋಮೀಟರ್ ಹೋದರು. ಆದರೆ ಎದುರು ಗಾಳಿಗೆ ವಾಪಸ್ ಬರಲಾಗಲಿಲ್ಲ. ಬೇಕಾದ ಕಡೆ, ಬೇಕಾದ ವೇಗದಲ್ಲಿ ಹೋಗಬೇಕಾದರೆ ಎರಡನೇ ದಾರಿಯನ್ನೇ ಹಿಡಿಯಬೇಕಿತ್ತು.

ರೆಕ್ಕೆ ಬಡಿದವರು

ಹಕ್ಕಿಯನ್ನು ನೋಡಿದವರಿಗೆ ಮೊದಲು ಹೊಳೆಯುವುದು ಕೈಗೆ ರೆಕ್ಕೆ ಕಟ್ಟಿಕೊಂಡು ಬಡಿಯುವುದು. ಇಂಗ್ಲೆಂಡಿನ ಮಾಲ್ಮ್ಸ್‌ಬರಿ ಮಠದ ಐಲ್ಮರ್ ಎಂಬ ಸನ್ಯಾಸಿ 11ನೇ ಶತಮಾನದ ಮೊದಲ ಭಾಗದಲ್ಲಿ ರೆಕ್ಕೆ ಕಟ್ಟಿಕೊಂಡು ಗೋಪುರದಿಂದ ಹಾರಿದರು. ಸುಮಾರು 200 ಮೀಟರ್ ಹೋಗಿ ಬಿದ್ದು ಎರಡೂ ಕಾಲು ಮುರಿದುಕೊಂಡರು. ಬಾಲ ಕಟ್ಟಿಕೊಳ್ಳಲು ಮರೆತದ್ದೇ ತಪ್ಪಾಯಿತು ಅಂತ ಆಮೇಲೆ ಹೇಳುತ್ತಿದ್ದರಂತೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅವರು ದೂರಿದ್ದು ರೆಕ್ಕೆಯನ್ನಲ್ಲ, ಬಾಲವನ್ನು. ಎತ್ತುವ ಶಕ್ತಿ ಸಾಲಲಿಲ್ಲ ಅನ್ನಲಿಲ್ಲ, ಹತೋಟಿ ಸಿಗಲಿಲ್ಲ ಅಂದರು.

ರೆಕ್ಕೆ ಬಡಿಯುವುದು ನಮ್ಮಿಂದ ಯಾಕೆ ಆಗುವುದಿಲ್ಲ? ಪಾರಿವಾಳದ ಮೈತೂಕದಲ್ಲಿ ಸುಮಾರು ಐದನೇ ಒಂದು ಪಾಲು ಬರೀ ಎದೆಯ ಸ್ನಾಯು. ನಮ್ಮ ಎದೆ ಮತ್ತು ತೋಳಿನಲ್ಲಿ ಅಷ್ಟು ಸ್ನಾಯು ಇಲ್ಲವೇ ಇಲ್ಲ. ಇಟಲಿಯ ಜೊವಾನ್ನಿ ಬೊರೆಲ್ಲಿ 17ನೇ ಶತಮಾನದಲ್ಲೇ ಈ ಲೆಕ್ಕ ಹಾಕಿ, ತನ್ನ ತೋಳಿನ ಬಲದಿಂದ ಮನುಷ್ಯ ಹಾರಲಾರ ಅಂತ ಬರೆದಿಟ್ಟರು.

ಬೆಳ್ಳಿ ಬಿಲ್ಲೆಯ ಮೇಲೆ ಗೀಚಿದ ವಿಮಾನ

ಇಂಗ್ಲೆಂಡಿನ ಯಾರ್ಕ್‌ಶೈರಿನ ಜಮೀನುದಾರ ಜಾರ್ಜ್ ಕೇಲಿ 1799ರಲ್ಲಿ ಒಂದು ಸಣ್ಣ ಬೆಳ್ಳಿ ಬಿಲ್ಲೆಯ ಮೇಲೆ ಚಿತ್ರ ಕೆತ್ತಿದರು. ಒಂದು ಮುಖದಲ್ಲಿ ರೆಕ್ಕೆಯ ಮೇಲೆ ಬೀಳುವ ಬಲಗಳ ರೇಖೆಗಳು. ಇನ್ನೊಂದು ಮುಖದಲ್ಲಿ ಅಲ್ಲಾಡದ ರೆಕ್ಕೆ ಮತ್ತು ಬಾಲ ಇರುವ ಒಂದು ಯಂತ್ರ. ನೋಡಲು ಎಷ್ಟು ಚಿಕ್ಕದೋ, ವಿಷಯ ಅಷ್ಟೇ ದೊಡ್ಡದು.

ಹಕ್ಕಿಯ ರೆಕ್ಕೆ ಒಂದೇ ಸಲಕ್ಕೆ ಎರಡು ಕೆಲಸ ಮಾಡುತ್ತದೆ. ಮೇಲೆ ಎತ್ತುತ್ತದೆ, ಮುಂದಕ್ಕೂ ತಳ್ಳುತ್ತದೆ. ಈ ಎರಡು ಕೆಲಸಗಳನ್ನು ಬೇರೆ ಮಾಡಿ ಅಂದರು ಕೇಲಿ. ರೆಕ್ಕೆ ಸುಮ್ನೆ ಚಾಚಿಕೊಂಡು ಎತ್ತಲಿ, ಮುಂದಕ್ಕೆ ತಳ್ಳುವ ಕೆಲಸವನ್ನು ಬೇರೆ ಯಂತ್ರ ಮಾಡಲಿ. ಇವತ್ತಿನ ಎಲ್ಲ ವಿಮಾನಗಳೂ ಇದೇ ಲೆಕ್ಕದ ಮೇಲೆ ನಿಂತಿವೆ.

ಹಾರುವ ವಿಮಾನದ ಮೇಲೆ ನಾಲ್ಕು ಬಲಗಳು ಕೆಲಸ ಮಾಡುತ್ತವೆ. ತೂಕ ಕೆಳಗೆ ಎಳೆಯುತ್ತದೆ. ರೆಕ್ಕೆ ಮೇಲೆ ಎತ್ತುತ್ತದೆ. ಎಂಜಿನ್ ಮುಂದಕ್ಕೆ ತಳ್ಳುತ್ತದೆ. ಎದುರಿನ ಗಾಳಿ ಹಿಂದಕ್ಕೆ ತಡೆಯುತ್ತದೆ. ಈ ಎರಡು ಜೋಡಿಗಳನ್ನು ಸ್ಪಷ್ಟವಾಗಿ ಬಿಡಿಸಿಟ್ಟವರು ಕೇಲಿ. 1853ರಲ್ಲಿ, ಅವರಿಗೆ ಸುಮಾರು 80 ವರ್ಷವಾಗಿದ್ದಾಗ, ಅವರು ಮಾಡಿದ ಎಂಜಿನ್ ಇಲ್ಲದ ಗ್ಲೈಡರ್ ಒಂದರಲ್ಲಿ ಅವರ ಸಾರೋಟಿನವನು ಕಣಿವೆ ದಾಟಿದ ಅನ್ನುತ್ತಾರೆ. ಇಳಿದ ಮೇಲೆ ಆತ, "ನನ್ನನ್ನು ನೇಮಿಸಿಕೊಂಡದ್ದು ಗಾಡಿ ಓಡಿಸಲು, ಹಾರಲು ಅಲ್ಲ" ಎಂದು ಕೆಲಸ ಬಿಟ್ಟನೆಂಬ ಕತೆ ಅವರ ಮನೆತನದಲ್ಲಿ ಉಳಿದು ಬಂದಿದೆ.

ಇನ್ನೊಂದು ವಿಷಯ. ಗ್ಲೈಡರಿಗೆ ಹಗುರ ಚಕ್ರ ಬೇಕು ಅಂತ ಕೇಲಿ ತೆಳು ಕಡ್ಡಿಗಳು ಬಿಗಿಯಾಗಿ ಎಳೆದು ಹಿಡಿಯುವ ಚಕ್ರವನ್ನೂ ಯೋಚಿಸಿದ್ದರು. ಇವತ್ತಿನ ಸೈಕಲ್ ಚಕ್ರ ಅದೇ ಬಗೆಯದು. ಸೈಕಲ್ಲಿಗೂ ವಿಮಾನಕ್ಕೂ ನಂಟು ಅಲ್ಲಿಂದಲೇ ಇದೆ.

ರೆಕ್ಕೆ ಎತ್ತುವುದಾದರೂ ಹೇಗೆ?

ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಅಂಗೈ ಚಾಚಿದ್ದೀರಾ? ಅಂಗೈಯನ್ನು ನೆಲಕ್ಕೆ ಸಮನಾಗಿ ಹಿಡಿದರೆ ಗಾಳಿ ಸುಮ್ಮನೆ ಹಾದು ಹೋಗುತ್ತದೆ. ಹೆಬ್ಬೆರಳಿನ ಕಡೆಯನ್ನು ಒಂಚೂರು ಮೇಲೆತ್ತಿದರೆ ಕೈ ತಾನಾಗಿಯೇ ಮೇಲೆ ಹೋಗುತ್ತದೆ. ಆಗ ನಡೆದದ್ದಿಷ್ಟು: ಎದುರಿಂದ ಬಂದ ಗಾಳಿಯನ್ನು ಕೈ ಕೆಳಕ್ಕೆ ತಿರುಗಿಸಿತು, ಅದಕ್ಕೆ ಪ್ರತಿಯಾಗಿ ಗಾಳಿ ಕೈಯನ್ನು ಮೇಲಕ್ಕೆ ತಳ್ಳಿತು. ಗಾಳಿಪಟ ಏರುವುದೂ ಹೀಗೆಯೇ.

ವಿಮಾನದ ರೆಕ್ಕೆ ಈ ಕೆಲಸವನ್ನು ಅಂಗೈಗಿಂತ ಚೆನ್ನಾಗಿ ಮಾಡುತ್ತದೆ. ಅದರ ಬೆನ್ನು ಉಬ್ಬಿರುತ್ತದೆ. ಉಬ್ಬನ್ನು ಅನುಸರಿಸಿಕೊಂಡು ಬಂದ ಮೇಲ್ಗಡೆಯ ಗಾಳಿಯೂ ಹಿಂದಿನ ಅಂಚಿನಲ್ಲಿ ಕೆಳಕ್ಕೆ ಬಾಗುತ್ತದೆ. ಆಗ ರೆಕ್ಕೆಯ ಮೇಲೆ ಗಾಳಿಯ ಒತ್ತಡ ಕಡಿಮೆ, ಕೆಳಗೆ ಜಾಸ್ತಿ. ಮೇಲಿನ ದಾರಿ ಉದ್ದ, ಕೆಳಗಿನ ಗಾಳಿಯ ಜೊತೆಗೇ ತುದಿ ಮುಟ್ಟಬೇಕು, ಅದಕ್ಕೇ ಮೇಲಿನ ಗಾಳಿ ಜೋರಾಗಿ ಓಡುತ್ತದೆ ಅಂತ ನಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿ ಕಲಿತಿದ್ದೇವೆ. ಅದು ಸರಿಯಲ್ಲ. ಎರಡೂ ಒಟ್ಟಿಗೆ ತುದಿ ಮುಟ್ಟಬೇಕೆಂಬ ನಿಯಮ ಯಾವುದೂ ಇಲ್ಲ. ಅಳೆದು ನೋಡಿದರೆ ಮೇಲಿನ ಗಾಳಿ ಮೊದಲೇ ತಲುಪಿರುತ್ತದೆ.

ಅಂಗೈಯನ್ನು ಜಾಸ್ತಿ ಎತ್ತಿದರೆ ಏನಾಗುತ್ತದೆ ಅಂತಲೂ ನೋಡಿ. ಒಂದು ಹಂತದವರೆಗೆ ಕೈ ಏರುತ್ತದೆ. ಆಮೇಲೆ ಏರುವುದು ನಿಂತು ಹಿಂದಕ್ಕೆ ತಳ್ಳಿದ ಹಾಗಾಗುತ್ತದೆ. ರೆಕ್ಕೆಗೂ ಹಾಗೆಯೇ. ಮೂಗು ತೀರಾ ಮೇಲೆತ್ತಿದರೆ ಗಾಳಿ ರೆಕ್ಕೆಯ ಬೆನ್ನನ್ನು ಬಿಟ್ಟು ಚೆದುರಿಹೋಗುತ್ತದೆ, ಎತ್ತುವ ಬಲ ತಟ್ಟನೆ ಕುಸಿಯುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಎಂಜಿನ್ ಚೆನ್ನಾಗಿ ನಡೆಯುತ್ತಿದ್ದರೂ ಸ್ಟಾಲ್ ಆಗಬಹುದು.

ಗುಡ್ಡದಿಂದ 2,000 ಸಲ ಹಾರಿದ ಮನುಷ್ಯ

ಜರ್ಮನಿಯ ಓಟೊ ಲಿಲಿಯೆಂಥಾಲ್ ಎಂಜಿನಿಯರ್. ಕೊಕ್ಕರೆಗಳನ್ನು ನೋಡುತ್ತಾ ಬೆಳೆದವರು. ರೆಕ್ಕೆಯ ಯಾವ ಬಾಗಿಗೆ ಎಷ್ಟು ಬಲ ಬರುತ್ತದೆ ಅಂತ ವರ್ಷಗಟ್ಟಲೆ ಅಳೆದು ಕೋಷ್ಟಕ ಮಾಡಿದರು. 1891ರಿಂದ ತಾವೇ ಹಾರತೊಡಗಿದರು. ಗ್ಲೈಡರಿನ ಚೌಕಟ್ಟು ವಿಲೋ ಮರದ್ದು, ಮೇಲೆ ಹತ್ತಿ ಬಟ್ಟೆ. ಬರ್ಲಿನ್ ಹತ್ತಿರ ಹಾರುವುದಕ್ಕೆಂದೇ 15 ಮೀಟರ್ ಎತ್ತರದ ಮಣ್ಣಿನ ಗುಡ್ಡ ಹಾಕಿಸಿದರು. ಅದರಿಂದಲೂ ಬೇರೆ ಗುಡ್ಡಗಳಿಂದಲೂ ಗಾಳಿಗೆ ಎದುರಾಗಿ ಓಡಿ ಜಿಗಿಯುತ್ತಿದ್ದರು. ಐದು ವರ್ಷದಲ್ಲಿ ಸುಮಾರು 2,000 ಹಾರಾಟ. ಒಳ್ಳೆಯ ದಿನ 250 ಮೀಟರ್ ದೂರ. ಅವರ ಫೋಟೋಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಮನುಷ್ಯ ಹಾರಬಲ್ಲ ಎಂಬುದನ್ನು ಜನ ಕಣ್ಣಾರೆ ಕಂಡರು.

ಅವರು ಗ್ಲೈಡರನ್ನು ಹತೋಟಿಯಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಮೈಯಿಂದ. ತೋಳುಗಳಲ್ಲಿ ಜೋತುಬಿದ್ದು, ಕಾಲುಗಳನ್ನು ಎಡಕ್ಕೋ ಬಲಕ್ಕೋ ಬೀಸಿ ತೂಕ ಬದಲಾಯಿಸುತ್ತಿದ್ದರು. ಹರಿಗೋಲಿನಲ್ಲಿ ಕೂತವರು ಒಂದು ಬದಿಗೆ ಸರಿದು ಅದನ್ನು ಸಮ ಮಾಡುವ ಹಾಗೆ. ಸಣ್ಣ ಗಾಳಿಗೆ ಇದು ಸಾಕು. ದೊಡ್ಡ ಗಾಳಿ ಬಂದರೆ ಮೈ ತೂಕ ಸಾಲುವುದಿಲ್ಲ. 1896ರ ಆಗಸ್ಟ್ 9ರಂದು ಒಂದು ಗಾಳಿಯ ಹೊಡೆತಕ್ಕೆ ಗ್ಲೈಡರಿನ ಮೂಗು ಮೇಲೆದ್ದು ಸ್ಟಾಲ್ ಆಯಿತು. ಸುಮಾರು 15 ಮೀಟರ್ ಮೇಲಿಂದ ಬಿದ್ದು ಅವರ ಬೆನ್ನೆಲುಬು ಮುರಿಯಿತು. ಮರುದಿನ ತೀರಿಕೊಂಡರು. 48 ವರ್ಷ. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ಜತನದಿಂದ ಅಳೆದವರು, ಅಷ್ಟು ಸಲ ಹಾರಿದವರು, ಕೈಯಲ್ಲಿ ಒಂದು ಹಿಡಿಕೆ ಇಲ್ಲದೆ ಹೋದರು.

ಎಂಜಿನ್ ದೊಡ್ಡದಾದರೆ ಸಾಕೆಂದವರು

ಅದೇ ಕಾಲದಲ್ಲಿ ಇನ್ನು ಕೆಲವರು ಬೇರೆ ಲೆಕ್ಕ ಹಾಕಿದರು. ಬಲ ಜಾಸ್ತಿ ಕೊಟ್ಟರೆ ಹಾರಲೇಬೇಕು ಎಂಬುದು ಅವರ ಯೋಚನೆ. ಹೈರಂ ಮ್ಯಾಕ್ಸಿಂ 1894ರಲ್ಲಿ ಸುಮಾರು ಮೂರೂವರೆ ಟನ್ನಿನ ದೈತ್ಯ ಯಂತ್ರ ಕಟ್ಟಿ, 180 ಅಶ್ವಶಕ್ತಿಯ ಎರಡು ಉಗಿ ಯಂತ್ರ ಕೂರಿಸಿ ಹಳಿಯ ಮೇಲೆ ಓಡಿಸಿದರು. ಅದು ಮೇಲೆದ್ದದ್ದು ನಿಜ. ಎದ್ದ ರಭಸಕ್ಕೆ ತಡೆಹಳಿ ಮುರಿದು ಯಂತ್ರ ಹಾಳಾಯಿತು.

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥ ಸ್ಯಾಮ್ಯುಯೆಲ್ ಲ್ಯಾಂಗ್ಲಿ 1896ರಲ್ಲಿ ಜನರಿಲ್ಲದ ಮಾದರಿ ವಿಮಾನವನ್ನು ಒಂದು ಕಿಲೋಮೀಟರಿನಷ್ಟು ಹಾರಿಸಿ ತೋರಿಸಿದ್ದರು. ಸರ್ಕಾರ 50,000 ಡಾಲರ್ ಕೊಟ್ಟಿತು. ಅವರ ದೊಡ್ಡ ವಿಮಾನದ 52 ಅಶ್ವಶಕ್ತಿಯ ಎಂಜಿನ್ ಆ ಕಾಲಕ್ಕೆ ಅದ್ಭುತ. ಆದರೆ ಅದನ್ನು ಹಾರಿಸುವವರು ಅಂಥ ಯಂತ್ರವನ್ನು ಗಾಳಿಯಲ್ಲಿ ನಡೆಸಿ ಅಭ್ಯಾಸ ಮಾಡಿದ್ದೇ ಇಲ್ಲ. 1903ರ ಅಕ್ಟೋಬರ್ 7ರಂದು ದೋಣಿಮನೆಯ ಮೇಲಿಂದ ಚಿಮ್ಮಿಸಿದಾಗ ಅದು ನೇರ ಪೊಟೊಮ್ಯಾಕ್ ನದಿಗೆ ಬಿತ್ತು. ಎರಡು ದಿನದ ಮೇಲೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಹಾರುವ ಯಂತ್ರಕ್ಕೆ ಇನ್ನೂ ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾಗಬಹುದು ಅಂತ ಬರೆಯಿತು. ಡಿಸೆಂಬರ್ 8ರಂದು ಇನ್ನೊಮ್ಮೆ ಚಿಮ್ಮಿಸಿದರು. ಮತ್ತೆ ನದಿಗೆ ಬಿತ್ತು. ಅದಾದ ಒಂಬತ್ತನೇ ದಿನ ಬೇರೆ ಇಬ್ಬರು ಹಾರಿದರು.

ಸೈಕಲ್ ಅಂಗಡಿಯ ರಟ್ಟಿನ ಡಬ್ಬಿ

ವಿಲ್ಬರ್ ಮತ್ತು ಆರ್ವಿಲ್ ರೈಟ್ ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಸೈಕಲ್ ಮಾಡಿ ಮಾರುತ್ತಿದ್ದರು, ರಿಪೇರಿಯೂ ಮಾಡುತ್ತಿದ್ದರು. ಲಿಲಿಯೆಂಥಾಲ್ ಸತ್ತ ಸುದ್ದಿ ಓದಿದ ಮೇಲೆ ಅವರಿಗೆ ಹಾರಾಟದ ಹುಚ್ಚು ಹಿಡಿಯಿತು. ಎಲ್ಲರೂ ಎತ್ತುವ ಬಲ, ತಳ್ಳುವ ಬಲ ಅಂತ ಯೋಚಿಸುತ್ತಿದ್ದಾಗ ಇವರು ಹತೋಟಿಯಿಂದ ಶುರು ಮಾಡಿದರು.

ಯಾಕೆ ಅಂತ ಸೈಕಲ್ ಕಲಿತವರಿಗೆಲ್ಲ ಅರ್ಥವಾಗುತ್ತದೆ. ಎತ್ತಿನ ಗಾಡಿ ತಾನಾಗಿಯೇ ನಿಂತಿರುತ್ತದೆ. ಸೈಕಲ್ ನಿಲ್ಲುವುದಿಲ್ಲ. ಕ್ಷಣಕ್ಷಣಕ್ಕೂ ನಾವು ಅದನ್ನು ಬೀಳದ ಹಾಗೆ ನೋಡಿಕೊಳ್ಳುತ್ತೇವೆ, ಅದು ನಮಗೆ ಗೊತ್ತೂ ಆಗುವುದಿಲ್ಲ. ತಿರುಗುವಾಗ ಹ್ಯಾಂಡಲ್ ಮಾತ್ರ ತಿರುಗಿಸಿದರೆ ಬೀಳುತ್ತೇವೆ, ಸೈಕಲ್ಲನ್ನು ತಿರುಗುವ ಕಡೆಗೆ ವಾಲಿಸಬೇಕು. ಬೇರೆಯವರು ವಿಮಾನವನ್ನು ಗಾಡಿಯ ಹಾಗೆ, ದೋಣಿಯ ಹಾಗೆ ಕಲ್ಪಿಸಿಕೊಂಡಿದ್ದರು. ರೈಟ್ ಸೋದರರಿಗೆ ಅದು ಸೈಕಲ್ಲಿನ ಹಾಗೆ ಕಂಡಿತು.

ವಿಮಾನ ಮೂರು ರೀತಿ ಅಲ್ಲಾಡುತ್ತದೆ. ನಿಮ್ಮ ತಲೆಯಿಂದಲೇ ಮಾಡಿ ನೋಡಿ. "ಹೂಂ" ಅಂತ ತಲೆ ಹಾಕಿದರೆ ಮೂಗು ಮೇಲೆ ಕೆಳಗೆ ಹೋಗುತ್ತದೆ, ಇದು ಒಂದು. "ಊಹೂಂ" ಅಂತ ಆಡಿಸಿದರೆ ಮೂಗು ಎಡಕ್ಕೂ ಬಲಕ್ಕೂ ತಿರುಗುತ್ತದೆ, ಇದು ಎರಡು. ಕಿವಿಯನ್ನು ಭುಜದ ಕಡೆ ತಂದರೆ ತಲೆ ಪಕ್ಕಕ್ಕೆ ವಾಲುತ್ತದೆ, ಇದು ಮೂರು. ಮೊದಲೆರಡಕ್ಕೆ ದೋಣಿಯ ಚುಕ್ಕಾಣಿಯಂಥ ಹಲಗೆಗಳನ್ನು ಇಟ್ಟರೆ ಆಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಪಕ್ಕಕ್ಕೆ ವಾಲುವುದನ್ನು ಹತೋಟಿಗೆ ತರುವುದೇ ಕಷ್ಟವಾಗಿತ್ತು. ಹಕ್ಕಿಗಳು ರೆಕ್ಕೆಯ ತುದಿಯನ್ನು ತಿರುಚಿ ಅದನ್ನು ಮಾಡುವುದನ್ನು ವಿಲ್ಬರ್ ಗಮನಿಸಿದ್ದರು. ಆದರೆ ಮರ ಮತ್ತು ಬಟ್ಟೆಯ ರೆಕ್ಕೆಯನ್ನು ತಿರುಚುವುದು ಹೇಗೆ?

1899ರ ಜುಲೈನಲ್ಲಿ ಒಬ್ಬ ಗಿರಾಕಿ ಟ್ಯೂಬ್ ಕೊಳ್ಳಲು ಅಂಗಡಿಗೆ ಬಂದ. ಮಾತಾಡುತ್ತಾ ವಿಲ್ಬರ್ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿಯನ್ನು ಕೈಯಲ್ಲಿ ತಿರುಚುತ್ತಿದ್ದರು. ಅಲ್ಲೇ ಉತ್ತರ ಸಿಕ್ಕಿತು. ಇದನ್ನು ಮನೆಯಲ್ಲಿ ನೀವೂ ನೋಡಬಹುದು. ಟೂತ್‌ಪೇಸ್ಟಿನ ಉದ್ದನೆಯ ಖಾಲಿ ಡಬ್ಬಿ ತಗೊಳ್ಳಿ. ಎರಡೂ ತುದಿಯ ಮುಚ್ಚಳ ಕಿತ್ತುಹಾಕಿ. ಬಟ್ಟೆ ಹಿಂಡುವ ಹಾಗೆ ಎಡತುದಿಯನ್ನು ಒಂದು ಕಡೆಗೆ, ಬಲತುದಿಯನ್ನು ಇನ್ನೊಂದು ಕಡೆಗೆ ಮೆಲ್ಲಗೆ ತಿರುಚಿ. ಡಬ್ಬಿ ಮುರಿಯುವುದಿಲ್ಲ. ಮೇಲಿನ ರಟ್ಟು, ಕೆಳಗಿನ ರಟ್ಟು ಎರಡೂ ಒಂದು ತುದಿಯಲ್ಲಿ ಮೇಲ್ಮುಖ, ಇನ್ನೊಂದು ತುದಿಯಲ್ಲಿ ಕೆಳಮುಖ ಆಗುತ್ತವೆ. ಆ ಎರಡು ರಟ್ಟುಗಳೇ ವಿಮಾನದ ಎರಡು ಅಂತಸ್ತಿನ ರೆಕ್ಕೆ ಅಂದುಕೊಳ್ಳಿ. ಮೇಲ್ಮುಖವಾದ ತುದಿ ಬೈಕಿನ ಮೇಲೆ ಎತ್ತಿದ ಅಂಗೈಯ ಹಾಗೆ ಏರುತ್ತದೆ. ಕೆಳಮುಖವಾದದ್ದು ಇಳಿಯುತ್ತದೆ. ವಿಮಾನ ವಾಲಿತು!

1901ರ ಸೋಲು

ಗಾಳಿ ಚೆನ್ನಾಗಿ ಬೀಸುವ, ಬಿದ್ದರೆ ಪೆಟ್ಟಾಗದ ಮರಳಿನ ಜಾಗ ಹುಡುಕಿ ಅವರು ಅಟ್ಲಾಂಟಿಕ್ ದಡದ ಕಿಟ್ಟಿ ಹಾಕ್‌ಗೆ ಹೋದರು. 1901ರ ಗ್ಲೈಡರ್ ಲೆಕ್ಕ ಹಾಕಿದ್ದರ ಮೂರನೇ ಒಂದು ಭಾಗದಷ್ಟೇ ತೂಕ ಎತ್ತಿತು. ಇನ್ನು 50 ವರ್ಷ ಮನುಷ್ಯ ಹಾರುವುದಿಲ್ಲ ಅಂತ ತಮ್ಮನಿಗೆ ಹೇಳಿದ್ದೆ ಎಂದು ವಿಲ್ಬರ್ ಮುಂದೆ ನೆನೆದಿದ್ದಾರೆ.

ಬೇರೆಯವರಾಗಿದ್ದರೆ ರೆಕ್ಕೆ ದೊಡ್ಡದು ಮಾಡಿ ಮತ್ತೆ ಹೊರಡುತ್ತಿದ್ದರೇನೋ. ಇವರು ಲೆಕ್ಕವನ್ನೇ ಅನುಮಾನಿಸಿದರು. ಆರಡಿ ಉದ್ದದ ಮರದ ಪೆಟ್ಟಿಗೆ, ಒಂದು ತುದಿಯಲ್ಲಿ ಫ್ಯಾನ್. ಒಳಗೆ ಬೆರಳಿನಷ್ಟು ಸಣ್ಣ ತಗಡಿನ ರೆಕ್ಕೆಗಳು. ಬಲ ಅಳೆಯುವ ತಕ್ಕಡಿಯನ್ನು ಗರಗಸದ ಬ್ಲೇಡು ಮತ್ತು ಸೈಕಲ್ ಕಡ್ಡಿಗಳಿಂದ ತಾವೇ ಮಾಡಿದರು. ಇದಕ್ಕೆ ಗಾಳಿಸುರಂಗ ಎನ್ನುತ್ತಾರೆ. ವಿಮಾನವನ್ನು ಗಾಳಿಯಲ್ಲಿ ಓಡಿಸುವ ಬದಲು, ನಿಂತ ವಿಮಾನದ ಮೇಲೆ ಗಾಳಿ ಓಡಿಸುವುದು. ಆ ಚಳಿಗಾಲದಲ್ಲಿ ಸುಮಾರು 200 ಆಕಾರಗಳನ್ನು ಪರೀಕ್ಷಿಸಿದರು. ಗಾಳಿಯ ಒತ್ತಡದ ಲೆಕ್ಕಕ್ಕೆ 18ನೇ ಶತಮಾನದಿಂದ ಎಲ್ಲರೂ ಬಳಸುತ್ತಿದ್ದ ಒಂದು ಅಂಕಿ ನಿಜಕ್ಕಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ ಇತ್ತು! ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ರೆಕ್ಕೆ ಒಳ್ಳೆಯದು ಅಂತಲೂ ತಿಳಿಯಿತು.

1902ರ ಗ್ಲೈಡರ್ ಚೆನ್ನಾಗಿ ಹಾರಿತು, ಒಂದು ಕಾಟ ಮಾತ್ರ ಉಳಿಯಿತು. ಕೆಲವೊಮ್ಮೆ ರೆಕ್ಕೆ ತಿರುಚಿದಾಗ ವಿಮಾನ ಬೇಡದ ಕಡೆಗೆ ಗಿರಕಿ ಹೊಡೆದು, ರೆಕ್ಕೆಯ ತುದಿ ಮರಳಿಗೆ ನೆಡುತ್ತಿತ್ತು. ಇದಕ್ಕೆ ಅವರು "ಬಾವಿ ತೋಡುವುದು" ಅಂತ ಹೆಸರಿಟ್ಟಿದ್ದರು. ಕಾರಣ ಇಷ್ಟೆ: ಜಾಸ್ತಿ ಎತ್ತುವ ರೆಕ್ಕೆಗೆ ಗಾಳಿಯ ತಡೆಯೂ ಜಾಸ್ತಿ. ಅದು ಹಿಂದೆ ಬೀಳುತ್ತದೆ. ಒಂದು ರಾತ್ರಿ ಕಾಫಿ ಜಾಸ್ತಿ ಕುಡಿದು ನಿದ್ದೆ ಬಾರದೆ ಹೊರಳಾಡುತ್ತಿದ್ದ ಆರ್ವಿಲ್‌ಗೆ, ಹಿಂದಿನ ಅಲ್ಲಾಡದ ಬಾಲವನ್ನು ತಿರುಗುವ ಹಾಗೆ ಮಾಡಬೇಕೆಂದು ಹೊಳೆಯಿತು. ರೆಕ್ಕೆ ತಿರುಚುವ ತಂತಿಗೇ ಬಾಲವನ್ನೂ ಜೋಡಿಸೋಣ ಅಂದರು ವಿಲ್ಬರ್. ಬಾವಿ ತೋಡುವುದು ನಿಂತಿತು. ಐಲ್ಮರ್ ಸನ್ಯಾಸಿ ನೆನೆದಿದ್ದ ಬಾಲ ಇಲ್ಲಿ ಕೆಲಸಕ್ಕೆ ಬಂತು. ಮೂರೂ ಅಲುಗಾಟಗಳು ಕೈಗೆ ಸಿಕ್ಕವು. ಆ ವರ್ಷ ಎಂಜಿನ್ ಇಲ್ಲದೆಯೇ ನೂರಾರು ಸಲ ಹಾರಿ ಇಬ್ಬರೂ ಕೈ ಪಳಗಿಸಿಕೊಂಡರು.

12 ಸೆಕೆಂಡು

ಎಂಜಿನ್ ಕೊನೆಗೆ ಬಂತು. ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರದಲ್ಲಿ 12 ಅಶ್ವಶಕ್ತಿಯ ಎಂಜಿನ್ ಮಾಡಿಕೊಟ್ಟರು. ಇವತ್ತಿನ 150 ಸಿಸಿ ಬೈಕಿನ ಎಂಜಿನ್ನಿಗೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಇರುತ್ತದೆ. ಪ್ರೊಪೆಲ್ಲರ್ ಅಂದರೆ ಸುತ್ತುತ್ತಿರುವ ರೆಕ್ಕೆ ಎಂದು ತಿಳಿದು, ಗಾಳಿಸುರಂಗದ ಅಂಕಿಗಳಿಂದಲೇ ಅದನ್ನು ಕೆತ್ತಿದರು. ಎಂಜಿನ್ನಿಂದ ಅದಕ್ಕೆ ಶಕ್ತಿ ಹೋಗುತ್ತಿದ್ದದ್ದು ಸೈಕಲ್ಲಿನಂಥದೇ ಚೈನಿನಿಂದ.

1903ರ ಡಿಸೆಂಬರ್ 17, ಬೆಳಗ್ಗೆ 10:35. ಕೊರೆಯುವ ಚಳಿ, ಜೋರು ಗಾಳಿ. ನೋಡಲು ಇದ್ದವರು ಐದೇ ಜನ. ಆರ್ವಿಲ್ ಕೆಳಗಿನ ರೆಕ್ಕೆಯ ಮೇಲೆ ಬೋರಲು ಮಲಗಿದರು. ಸೊಂಟದ ಕೆಳಗೆ ಒಂದು ತೊಟ್ಟಿಲಿನಂಥ ಹಲಗೆ. ಸೊಂಟ ಆ ಕಡೆ ಈ ಕಡೆ ಸರಿಸಿದರೆ ತಂತಿ ಎಳೆದು ರೆಕ್ಕೆ ತಿರುಚುತ್ತದೆ. 12 ಸೆಕೆಂಡು, 36.5 ಮೀಟರ್. ಇವತ್ತಿನ ಏರ್‌ಬಸ್ ಎ320 ವಿಮಾನದ ಉದ್ದವೇ 37.5 ಮೀಟರ್. ಅದೇ ದಿನದ ನಾಲ್ಕನೇ ಸುತ್ತಿನಲ್ಲಿ ವಿಲ್ಬರ್ 59 ಸೆಕೆಂಡು, 260 ಮೀಟರ್ ಹೋದರು. ಮೊದಲ ಹಾರಾಟದ ಆ ಪ್ರಸಿದ್ಧ ಫೋಟೋ ತೆಗೆದವರು ಕಡಲ ರಕ್ಷಣಾ ಠಾಣೆಯ ಜಾನ್ ಡೇನಿಯಲ್ಸ್. ಅವರು ತೆಗೆದ ಮೊದಲ ಫೋಟೋ ಅದು. ಸ್ವಲ್ಪ ಹೊತ್ತಿಗೆ ಗಾಳಿ ವಿಮಾನವನ್ನು ಉರುಳಿಸಿ ನುಚ್ಚುನೂರು ಮಾಡಿತು. ಆ ವಿಮಾನ ಮತ್ತೆ ಹಾರಲಿಲ್ಲ. ಅಣ್ಣ ತಮ್ಮ ಅಪ್ಪನಿಗೆ ಟೆಲಿಗ್ರಾಂ ಕಳಿಸಿ, ಕ್ರಿಸ್‌ಮಸ್‌ಗೆ ಮನೆಗೆ ಬರುತ್ತೇವೆ ಅಂದರು.

ಜಗತ್ತಿಗೆ ಗೊತ್ತಾಗಲು ಐದು ವರ್ಷ

1904ರ ಸೆಪ್ಟೆಂಬರ್ 20ರಂದು ಡೇಟನ್ ಹತ್ತಿರದ ಹುಲ್ಲುಗಾವಲಿನಲ್ಲಿ ವಿಲ್ಬರ್ ಮೊದಲ ಸಲ ಪೂರ್ತಿ ಒಂದು ಸುತ್ತು ಹೊಡೆದರು. ಇದನ್ನು ಕಣ್ಣಾರೆ ಕಂಡು ವಿವರವಾಗಿ ಅಚ್ಚು ಹಾಕಿದ್ದು ಒಂದು ಜೇನು ಸಾಕಣೆಯ ಪತ್ರಿಕೆ. ಅದರ ಪ್ರಕಾಶಕ ಏಮಸ್ ರೂಟ್ ಇದಕ್ಕೆಂದೇ ಬಂದು ನೋಡಿದ್ದರು. 1905ರ ಅಕ್ಟೋಬರ್ 5ರಂದು ವಿಲ್ಬರ್ ಒಂದೇ ಏಟಿಗೆ 39 ನಿಮಿಷ, ಸುಮಾರು 39 ಕಿಲೋಮೀಟರ್ ಹಾರಿದರು. ಆದರೂ ಯುರೋಪಿನಲ್ಲಿ ಬಹಳ ಜನ ನಂಬಲಿಲ್ಲ. 1906ರಲ್ಲಿ ಬ್ರೆಜಿಲ್ಲಿನ ಸಾಂಟೋಸ್ ಡ್ಯುಮೊಂ ಪ್ಯಾರಿಸ್ಸಿನಲ್ಲಿ ಜನರೆದುರು ಹಾರಿದಾಗ ಅದನ್ನೇ ಮೊದಲ ಹಾರಾಟ ಅಂದುಕೊಂಡರು. ಬ್ರೆಜಿಲ್ಲಿನಲ್ಲಿ ಇವತ್ತಿಗೂ ಹಾಗೆ ಹೇಳುವವರಿದ್ದಾರೆ.

1908ರ ಆಗಸ್ಟ್ 8ರಂದು ಫ್ರಾನ್ಸಿನ ಲ ಮಾನ್‌ನಲ್ಲಿ ವಿಲ್ಬರ್ ಹಾರಿ ತೋರಿಸಿದರು. ಎರಡು ನಿಮಿಷವೂ ಇಲ್ಲ. ಆದರೆ ವಿಮಾನವನ್ನು ಸೈಕಲ್ಲಿನ ಹಾಗೆ ವಾಲಿಸಿ ಸಲೀಸಾಗಿ ತಿರುಗಿಸಿದರು. ಅಲ್ಲಿಯ ಹಾರಾಟಗಾರರು ಅಷ್ಟು ದಿನ ಗಾಡಿ ತಿರುಗಿಸುವ ಹಾಗೆ, ಎದ್ದು ಬಿದ್ದು ತಿರುಗಿಸುತ್ತಿದ್ದರು. ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಮರುವರ್ಷ ಜುಲೈ 25ರಂದು ಲೂಯಿ ಬ್ಲೇರಿಯೊ ಇಂಗ್ಲಿಷ್ ಕಾಲುವೆ ದಾಟಿದರು. 1911ರ ಫೆಬ್ರವರಿ 18ರಂದು ನಮ್ಮ ಅಲಹಾಬಾದಿನಿಂದ ಯಮುನೆಯ ಆಚೆಯ ನೈನಿಗೆ ಆಂರಿ ಪೆಕೆ ಎಂಬ ಪೈಲಟ್ ಸುಮಾರು 6,500 ಪತ್ರಗಳನ್ನು ವಿಮಾನದಲ್ಲಿ ಒಯ್ದರು. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದು.

ನಮ್ಮ ಹಳೆಯ ವಿಮಾನಗಳು?

ಈ ಕತೆ ಹೇಳಿದಾಗಲೆಲ್ಲ ಯಾರಾದರೂ, ನಮ್ಮ ಹಿಂದಿನವರ ಹತ್ತಿರ ಆಗಲೇ ವಿಮಾನಗಳಿದ್ದವಲ್ಲ ಅಂತ ವೈಮಾನಿಕ ಶಾಸ್ತ್ರ ಎಂಬ ಗ್ರಂಥದ ಬಗ್ಗೆ ಕೇಳುತ್ತಾರೆ. ಕೇಳಬೇಕಾದ್ದೇ, ಅದರ ಕತೆ ನಮ್ಮ ರಾಜ್ಯದ್ದೇ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಆರಂಭದಲ್ಲಿ ಈ ಸಂಸ್ಕೃತ ಗ್ರಂಥವನ್ನು ಬಾಯಲ್ಲಿ ಹೇಳಿ ಬರೆಸಿದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಇದರ ಭಾಷೆ, ಚಿತ್ರ, ಲೆಕ್ಕ ಎಲ್ಲವನ್ನೂ ಪರೀಕ್ಷಿಸಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿರುವ ವಿಮಾನಗಳಿಗೆ ಹಾರುವ ಗುಣವಿಲ್ಲ ಎಂಬುದು ಅವರ ತೀರ್ಮಾನ. ಪುರಾಣದ ಪುಷ್ಪಕ ವಿಮಾನ ಕಾವ್ಯದ ಸೊತ್ತು. ಅದನ್ನು ಗಾಳಿಸುರಂಗದಲ್ಲಿ ಇಡಬೇಕಾಗಿಲ್ಲ.

ತಿರುಚುವ ರೆಕ್ಕೆಯಿಂದ ಹಲಗೆಗೆ

ರೆಕ್ಕೆ ತಿರುಚಬೇಕಾದರೆ ಅದು ಬಾಗುವಂತಿರಬೇಕು. ವೇಗ ಜಾಸ್ತಿಯಾದ ಹಾಗೆ ರೆಕ್ಕೆ ಗಟ್ಟಿಯಾಗಬೇಕಾಯಿತು. ಆಗ ಇಡೀ ರೆಕ್ಕೆಯನ್ನು ತಿರುಚುವ ಬದಲು, ಹಿಂದಿನ ಅಂಚಿನಲ್ಲಿ ಕೀಲು ಹಾಕಿದ ಒಂದು ಹಲಗೆ ಇಟ್ಟರು. ಅದೇ ಏಲೆರಾನ್. ಹಲಗೆ ಕೆಳಗಿಳಿದ ಕಡೆ ರೆಕ್ಕೆ ಏರುತ್ತದೆ, ಮೇಲೆದ್ದ ಕಡೆ ರೆಕ್ಕೆ ಇಳಿಯುತ್ತದೆ. ಟ್ಯೂಬ್ ಡಬ್ಬಿ ಮಾಡಿದ ಕೆಲಸವೇ.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ನಮ್ಮ ತೇಜಸ್ ಯುದ್ಧವಿಮಾನವನ್ನೇ ನೋಡಿ. ಚುರುಕಾಗಿ ತಿರುಗಲಿ ಅಂತ ಅದನ್ನು ಬೇಕೆಂದೇ ತಾನಾಗಿ ಸ್ಥಿರವಾಗಿ ನಿಲ್ಲದ ಹಾಗೆ ಮಾಡಿದ್ದಾರೆ. ರೈಟ್ ಸೋದರರ 1903ರ ವಿಮಾನವೂ ಹಾಗೆಯೇ ಇತ್ತು. ಅದನ್ನು ಮನುಷ್ಯನ ಕೈ ಮತ್ತು ಸೊಂಟ ಹಿಡಿದಿಟ್ಟಿದ್ದವು. ತೇಜಸ್ಸಿನಲ್ಲಿ ಆ ಕೆಲಸಕ್ಕೆ ಕಂಪ್ಯೂಟರ್ ಇದೆ. ಪೈಲಟ್ ಹೇಳಿದ್ದನ್ನು ಕೇಳಿಕೊಂಡು, ರೆಕ್ಕೆಯ ಹಿಂದಿನ ಹಲಗೆಗಳನ್ನು ಸೆಕೆಂಡಿಗೆ ಎಷ್ಟೋ ಸಲ ಸರಿಮಾಡುತ್ತಿರುತ್ತದೆ.

ಮುಂದಿನ ಸಲ ವಿಮಾನ ಹತ್ತಿದರೆ ರೆಕ್ಕೆಯಿಂದ ಸ್ವಲ್ಪ ಹಿಂದಿನ ಕಿಟಕಿ ಸೀಟು ಕೇಳಿ. ಬಲಗಡೆ ಕೂತಿದ್ದು ವಿಮಾನ ಬಲಕ್ಕೆ ತಿರುಗಿದರೆ ನಿಮ್ಮ ಕಡೆಯ ಹಲಗೆ ಮೇಲೇಳುತ್ತದೆ. ಬೇಕಾದಷ್ಟು ವಾಲಿದ ಕೂಡಲೇ ಮತ್ತೆ ಸಮಕ್ಕೆ ಬರುತ್ತದೆ. ಇಳಿಯುವ ಹೊತ್ತಿಗೆ, ಅದರಲ್ಲೂ ಅಡ್ಡಗಾಳಿ ಇದ್ದರೆ, ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ವಾಪಸ್ ಬರುವಾಗ ಅಮ್ಮ ಅದೇ ಕಡೆ ಸೀಟು ಕೇಳಿ ಪಡೆದರು. ಶಿವಮೊಗ್ಗದ ಹೊಲ ತೋಟಗಳ ಮೇಲೆ ವಿಮಾನ ತಗ್ಗುತ್ತಿದ್ದಾಗ ಕೆಳಗೆ ನೋಡಲೇ ಇಲ್ಲ. ಚಕ್ರ ನೆಲ ಮುಟ್ಟುವವರೆಗೂ ಆ ಹಲಗೆಯನ್ನೇ ನೋಡುತ್ತಾ ಕೂತಿದ್ದರು.